ಗಂಗುಲಪ್ಪನ ಹಗ್ಗ ಹಿಡಿದವಳು

ಬಾವಿಗೆ ಬಿದ್ದದ್ದು ಪಾತಾಳಗರಡಿಯ ಕೊಕ್ಕೆಗಳಿಗೂ ಸಿಕ್ಕದಿದ್ದರೆ ಚಿಂತಾಮಣಿ ಸೀಮೆಯವರು ಗಂಗುಲಪ್ಪನಿಗೆ ಹೇಳಿಕಳಿಸುತ್ತಿದ್ದರು. ಬಿಂದಿಗೆಯೋ ಮೋಟರೋ, ಉಸಿರು ಕಟ್ಟಿ ಮುಳುಗಿ ತರುತ್ತಿದ್ದವನು ಅವನೇ. ಆದರೆ ಅವನದೊಂದು ಹಟ ಇತ್ತು ನೋಡಿ: ಸೊಂಟಕ್ಕೆ ಕಟ್ಟಿದ ಹಗ್ಗದ ಮೇಲ್ತುದಿ ಹೆಂಡತಿ ಓಬಳಮ್ಮನ ಕೈಯಲ್ಲೇ ಇರಬೇಕು. ಮರಕ್ಕೆ ಕಟ್ಟಕೂಡದು, ಎಂಥ ಗಟ್ಟಿ ಆಳು ಬಂದರೂ ಕೊಡಕೂಡದು. ಅರವತ್ತು ದಾಟಿದರೂ ಆಸಾಮಿ ಬಗ್ಗಲಿಲ್ಲ.

ಎರಡು ಸಾವಿರದ ಆರರ ಬೇಸಿಗೆಯಲ್ಲಿ, ಚೆನ್ನೈನಲ್ಲಿ ನರ್ಸಾಗಿದ್ದ ಮಗಳು ತನುಜ ಇಬ್ಬರನ್ನೂ ಕರೆಸಿಕೊಂಡಳು. ಊರಿಗೆ ಮರಳಿದ ಕೂಡಲೇ ಅಂಬಾಜಿದುರ್ಗದ ಕಡೆಯ ಬಾವಿಯೊಂದಕ್ಕೆ ಇಳಿಯುತ್ತೇನೆಂದು ಗಂಗುಲಪ್ಪ ಮಾತು ಕೊಟ್ಟುಬಂದಿದ್ದ. ಬಲು ಆಳದ ಬಾವಿ, ತಳದಲ್ಲಿ ಕೆಸರು. ರೈಲಿನುದ್ದಕ್ಕೂ ಓಬಳಮ್ಮನದು ಒಂದೇ ರಾಗ: "ಬ್ಯಾಡ ಕಣಯ್ಯ, ಅದೊಂದು ಬಿಟ್ಬಿಡು."

"ನಿನ್ನ ಕೈ ಜಾರಿದ್ರೆ ತಾನೇ ನಾನು ಹೋಗೋದು?" ಎಂದು ಅವನು ನಗೆಯಾಡಿದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ತನುಜ ಒಂದು ದಿನ ಕಡಲ ಪಕ್ಕದ ಪುಟ್ಟ ಮ್ಯೂಸಿಯಮ್ಮಿಗೆ ಕರೆದೊಯ್ದಳು. ನೀರಿಗೆ ಮುಳುಗುವವರ ಚರಿತ್ರೆಯೆಲ್ಲ ಅಲ್ಲಿತ್ತು. ಮುತ್ತು ತೆಗೆಯುವವರು ಮುಳುಗಲು ಕಾಲಿಗೆ ಕಟ್ಟುತ್ತಿದ್ದ ಕಲ್ಲು, ಸೀಸದ ಬೂಟು, ಗಾಳಿ ಒತ್ತುವ ಕೈಪಂಪು. ತಲೆಯನ್ನೆಲ್ಲ ಮುಚ್ಚುವ ಹಿತ್ತಾಳೆಯ ಟೋಪಿ ತೊಟ್ಟವನ ಚಿತ್ರ ಕಂಡು, "ತಲೆ ಮೇಲೆ ಹಂಡೆ ಬೋರಲು ಹಾಕ್ಕೊಂಡವ್ನೆ ನೋಡೇ," ಎಂದ ಗಂಗುಲಪ್ಪ. ನೆಂಟರ ಮನೆಗೆ ಬಂದಷ್ಟು ಖುಷಿ ಅವನಿಗೆ.

ಕೊನೆಗೊಂದು ಗಾಜಿನ ತೊಟ್ಟಿ. ನೀರಿನ ನಡುವೆ ಟೋಪಿ ತೊಟ್ಟ, ಮಗುವಿನೆತ್ತರದ ಬೊಂಬೆಯೊಂದು ತೂಗುತ್ತಿತ್ತು. ಅದರ ಹಗ್ಗವನ್ನು ಮೇಲೆ ಕೊಕ್ಕೆಗೆ ಸಿಕ್ಕಿಸಿದ್ದರು. ಓಬಳಮ್ಮನಿಗೆ ತಡೆಯಲಾಗಲಿಲ್ಲ. "ಕೆಳಗೆ ಮನುಷ್ಯ ಇರೋವಾಗ ಹಗ್ಗ ಬಿಟ್ಟು ಎಲ್ಲಿಗೆ ಹೋದ್ರು ಇವ್ರು?" ಎನ್ನುತ್ತ ತೊಟ್ಟಿ ಪಕ್ಕದ ಕಟ್ಟೆ ಹತ್ತಿ, ಕೊಕ್ಕೆಯಿಂದ ಬಿಡಿಸಿ, ತಾನೇ ಹಿಡಿದುಬಿಟ್ಟಳು. ಹಗ್ಗ ಅವಳ ಬೆರಳುಗಳಿಂದ ಸರ್ರನೆ ಜಾರಿತು. ಬೊಂಬೆ ತಳ ಸೇರಿತು.

ಸುತ್ತಲಿದ್ದವರು ನಕ್ಕರು. ಕಾವಲಿನವನು ಪಾಪ, ಬೈಯದೆ ಬೊಂಬೆಯನ್ನು ಎತ್ತಿ ಕಟ್ಟಿದ. ಗಂಗುಲಪ್ಪ ಮಾತ್ರ ನಗಲಿಲ್ಲ. ಹೆಂಡತಿಯ ಕೈ ಹಿಡಿದು ನೋಡಿದ. ಬೆರಳ ಗೆಣ್ಣುಗಳು ಊದಿಕೊಂಡಿದ್ದವು, ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ದಿನಾ ಆ ಕೈಯ ಮುದ್ದೆ ಉಂಡೂ ತನಗೆ ಕಾಣಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ಯಾವಾಗಿಂದ ಹಿಂಗೆ?"

"ಹೋದ ದೀಪಾವಳಿಯಿಂದ."

ಆಮೇಲೂ ಅವನು ಎಷ್ಟೋ ಬಾವಿಗೆ ಇಳಿದಿದ್ದ. "ಮತ್ತೆ ನನ್ನ ಹೆಂಗೇ ಹಿಡೀತಿದ್ದೆ?"

"ಕೈಲೆಲ್ಲಿ ಹಿಡೀಲಿ? ನೀನು ಮುಳುಗಿದ ಮ್ಯಾಕೆ ನನ್ನ ನಡಕ್ಕೇ ಬಿಗಿದು ಗಂಟು ಹಾಕ್ಕೊತಿದ್ದೆ."

"ನಾನು ಮೇಲಕ್ಕೆ ಬರದೆ ಹೋಗಿದ್ರೆ?"

"ನಾನೇ ಕೆಳಕ್ಕೆ ಬರ್ತಿದ್ದೆ," ಎಂದಳು ಓಬಳಮ್ಮ, ಸೆರಗು ಸರಿಮಾಡಿಕೊಳ್ಳುತ್ತ.

ಗಂಗುಲಪ್ಪ ಮಗಳನ್ನು ಕರೆದ. "ಅಂಬಾಜಿದುರ್ಗದೋರಿಗೆ ಫೋನ್ ಮಾಡಿ, ಅಪ್ಪ ಬರಾಕಿಲ್ಲ ಅಂತ ಹೇಳ್ಬಿಡಮ್ಮ."

"ಯಾಕಪ್ಪ, ಏನಾಯ್ತು?"

"ಆ ಬಾವಿ ನಿಮ್ಮಮ್ಮನಿಗೆ ಬಲು ಆಳ ಆಯ್ತದೆ."