ಮಂಡಿಗೆ ಏಟಾದ ಆಟಗಾರ

"ಮಂಡಿಗೆ ಏಟಾಗಿರೋನು ನಮ್ಗೆ ಬೇಡಪ್ಪಾ, ಬಿಡಿ" ಎಂದು ಸೂಪರ್‌ವೈಸರ್ ಗಿರೀಶ್ ಸರ್ ಗತ್ತಿನಿಂದ ಕೈಯಲ್ಲಾಡಿಸಿದರು. ನಾವೆಲ್ಲ ನಕ್ಕೆವು. ದೇವನಹಳ್ಳಿಯ ವಿಮಾನ ಸರಕಿನ ಗೋದಾಮಿನಲ್ಲಿ ಊಟದ ಬಿಡುವು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡಗಳು ಹೊಸ ಆಟಗಾರರನ್ನು ಆರಿಸುವ ಮೊದಲೇ, ಅಭಿಮಾನಿಗಳಾದ ನಾವು ಒಬ್ಬೊಬ್ಬರು ಒಂದೊಂದು ತಂಡದ ಮ್ಯಾನೇಜರಾಗಿ ಆರಿಸಿಕೊಳ್ಳುವ ಆಟವದು.

ಲೋಡರ್ ನಾಗರಾಜ ಮಾತ್ರ ನಗಲಿಲ್ಲ. ಸರಕು ಬಿದ್ದು ಅವನ ಮಂಡಿಯೂ ಏಟು ತಿಂದಿತ್ತು. ಯಾರ ಗುತ್ತಿಗೆ ಮುಂದುವರಿಸಬೇಕೆಂದು ಗಿರೀಶ್ ಸರ್ ಆ ವಾರವೇ ಹೇಳಬೇಕಿತ್ತು.

"ಸಾರ್, ಇದು ಆಟಕ್ಕೆ ಹೇಳಿದ್ದು ತಾನೇ?" ಎಂದು ಕೇಳಿದ.

"ಆಟಕ್ಕೇ ಕಣಯ್ಯಾ" ಎಂದರು, ಅವನ ಮುಖ ನೋಡದೆ.

ನಾಗರಾಜ ಡಬ್ಬಿ ತೊಳೆಯಲು ಎದ್ದ. ನಲ್ಲಿಯವರೆಗೂ ಕುಂಟದೆ ನಡೆಯಲು ಅವನು ಪಟ್ಟ ಪಾಡನ್ನು ಕಂಡೆ.

ಮುಂದಿನ ಆಯ್ಕೆಯ ಸರದಿ ನನ್ನದಿತ್ತು. ಗಿರೀಶ್ ಸರ್ ಬೇಡವೆಂದ ಆಟಗಾರನನ್ನೇ ಆರಿಸಿದೆ.