ಹನ್ನೆರಡೂವರೆಯ ಕಂಪೈಲ್

ಪ್ರೋಗ್ರಾಂ ಅರ್ಧಕ್ಕೇ ಕೈಕೊಡಬಹುದಿತ್ತು. ಗೋದಾಮುಗಳ ಸರಕುಪಟ್ಟಿ ಅಳಿಸಿಹೋಗಬಹುದಿತ್ತು. ಕರೆಂಟು ಹೋಗಿ ಡಿಸ್ಕ್ ಹಾಳಾಗಬಹುದಿತ್ತು. ಮ್ಯಾನೇಜರು ನನ್ನನ್ನು ಎತ್ತಿ ಹೊಳೆಗೆ ಹಾಕಬಹುದಿತ್ತು. (ನನಗೆ ಈಜು ಬಾರದು. ಅದೂ ಚಿಂತೆಯ ಪಟ್ಟಿಯಲ್ಲಿತ್ತು.)

ಒಂದೂ ಆಗಲಿಲ್ಲ.

ಬಂದರಿನ ನಮ್ಮ ಆಫೀಸಿನ ಕಂಪ್ಯೂಟರನ್ನು ಈ ಅಂಕಣದಲ್ಲಿ ಹಿಂದೆಯೂ ಬೈದಿದ್ದೇನೆ. ಸಿ ಭಾಷೆಯಲ್ಲಿ ನಾವು ಬರೆದದ್ದನ್ನು ಅದು ತನಗೆ ಜೀರ್ಣವಾಗುವಂತೆ ಅರೆದುಕೊಳ್ಳಬೇಕು. ಅದೇ ಕಂಪೈಲ್. ನೂರೈವತ್ತು ಫೈಲು, ಒಂದೂವರೆ ಗಂಟೆ. ಅಷ್ಟು ಹೊತ್ತು ಎಲ್ಲರೂ ಕೈಕಟ್ಟಿ ಕೂರಬೇಕು.

ಕಾರಣ? ನಮ್ಮ ಹಿರಿಯ ಸಹೋದ್ಯೋಗಿ ವಸಂತಣ್ಣ ಬರೆದ ಒಂದು ಹೆಡರ್ ಫೈಲು. ಉಳಿದ ಎಲ್ಲ ಫೈಲುಗಳೂ ಅದನ್ನು ಓದುತ್ತಿದ್ದವು. ಅದರಲ್ಲಿ ಒಂದು ಸಾಲು ಬದಲಾದರೆ ನೂರೈವತ್ತನ್ನೂ ಮತ್ತೆ ಅರೆಯಬೇಕು. ಅದೋ, ದಿನಾ ಹನ್ನೆರಡೂವರೆಗೆ ಸರಿಯಾಗಿ ಬದಲಾಗುತ್ತಿತ್ತು!

ಕಳೆದ ತಿಂಗಳು ನಾನು ಹೆದರುತ್ತಲೇ ಅದನ್ನು ಹನ್ನೊಂದು ತುಂಡು ಮಾಡಿದೆ. ಯಾವ ಫೈಲಿಗೆ ಎಷ್ಟು ಬೇಕೋ ಅಷ್ಟೇ ಓದಲಿ ಎಂದು. ಕಂಪೈಲ್ ಎಂಟು ನಿಮಿಷಕ್ಕೆ ಇಳಿಯಿತು. ಮ್ಯಾನೇಜರು ಬೆನ್ನು ತಟ್ಟಿದರು. "ಇನ್ನು ಎಲ್ರಿಗೂ ಊಟಕ್ಕೆ ಅರ್ಧ ಗಂಟೆ ಸಾಕಲ್ಲ?"

ಹಳೆಯ ಹೆಡರನ್ನು ಅಳಿಸುವ ಮುನ್ನ ಕೊನೆಯವರೆಗೆ ನೋಡಿದೆ. ಕೊನೆಗೆ ಬರೀ ಖಾಲಿ ಸಾಲುಗಳು. ಪುಟಗಟ್ಟಲೆ.

"ಎಂತ ವಸಂತಣ್ಣ, ಇಷ್ಟು ಜಾಗ ಖಾಲಿ ಬಿಟ್ಟದ್ದು? ಸೈಟು ಮಾಡಿ ಮಾರ್ಲಿಕ್ಕಾ?"

ಅವರು ನಗಲಿಲ್ಲ. "ದಿನಕ್ಕೊಂದು ಖಾಲಿ ಸಾಲು ಸೇರಿಸ್ತಿದ್ದೆ ಮಾರಾಯ. ಕಂಪೈಲ್ ಶುರುವಾದ್ರೆ ಉರ್ವಕ್ಕೆ ಹೋಗಿ ಬರ್ಲಿಕ್ಕೆ ಟೈಮ್ ಸಿಗ್ತಿತ್ತು."

ಉರ್ವದಲ್ಲಿ ಅವರ ಮನೆ. ಹೆಂಡತಿಗೆ ಪಕ್ಷವಾತವಾಗಿ ಎರಡು ವರ್ಷ. ಗಂಜಿಯನ್ನು ಚಮಚ ಚಮಚವಾಗಿ ಉಣ್ಣಿಸಬೇಕು. ಮುಕ್ಕಾಲು ಗಂಟೆ ಬೇಕು.

"ಮ್ಯಾನೇಜರ ಹತ್ರ ಕೇಳ್ಬಹುದಿತ್ತಲ್ಲ?"

"ಎಂತ ಕೇಳುದು? ಒಂದು ದಿನ ಬಿಟ್ಟಾರು. ದಿನಾ ಬಿಡ್ತಾರಾ?"

ಹೆಡರನ್ನು ಮತ್ತೆ ಜೋಡಿಸಿಬಿಡುತ್ತೇನೆ ಎಂದೆ.

"ಬೇಡ. ಒಳ್ಳೆ ಕೆಲ್ಸ ಮಾಡಿದ್ದಿ ನೀನು."

ಮನಸಾರೆಯೇ ಹೇಳಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮ್ಯಾನೇಜರಿಗೆ ನಾನೇ ಹೇಳೋಣವೆಂದು ಎರಡು ಸಲ ಅವರ ಬಾಗಿಲವರೆಗೆ ಹೋದೆ. ಎರಡು ಸಲವೂ ವಾಪಸು ಬಂದೆ. (ಏನಂದಾರೋ ಎಂಬ ಚಿಂತೆ. ನನ್ನನ್ನು ನೀವು ಬಲ್ಲಿರಿ.)

ಈಗ ಮಧ್ಯಾಹ್ನ ವಸಂತಣ್ಣನ ಹೆಂಡತಿಗೆ ಪಕ್ಕದ ಮನೆಯವರು ಗಂಜಿ ಹಿಡಿದು ಹೋಗುತ್ತಾರೆ. ಪ್ರೋಗ್ರಾಂ ಸಲೀಸಾಗಿ ಓಡುತ್ತಿದೆ. ಎಲ್ಲವೂ ಸರಿಯಾಗಿದೆ. ತಪ್ಪಿದ್ದು ಒಂದೇ, ಅದೂ ಸಣ್ಣದು: ಬೇರೆಯವರ ಕೈಯ ಚಮಚಕ್ಕೆ ಆಕೆ ಬಾಯಿ ತೆರೆಯುವುದಿಲ್ಲವಂತೆ.