ದೊಡ್ಡತಾಯಮ್ಮನ ಕಿವಿ

ಬಾಗೂರಿನ ಸುತ್ತ ಯಾರ ಅಟ್ಟದಲ್ಲಿ ಕೊಬ್ಬರಿಗೆಂದು ಕಾಯಿ ಕೂಡಿಟ್ಟಿದ್ದರೂ, ಒಡೆಯುವ ಮುಂಚೆ ದೊಡ್ಡತಾಯಮ್ಮನಿಗೆ ಕರೆ ಹೋಗುತ್ತಿತ್ತು. ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯನ್ನು ಅವಳು ಕಿವಿಯ ಬಳಿ ಎರಡು ಸಲ ಅಲ್ಲಾಡಿಸುವಳು. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಎನ್ನುತ್ತದೆ. ಒಂದು ಗುಟುಕು ನೀರು ಉಳಿದಿದ್ದರೂ ಆ ಸದ್ದಿನ ಅಡಿಯಲ್ಲಿ ಇನ್ನೊಂದು ಮೆದು ಸದ್ದು. ಬೇರೆಯವರಿಗೆ ಕೇಳದ ಅದು ಅವಳಿಗೆ ಇಪ್ಪತ್ತೆಂಟು ವರ್ಷ ಕೇಳಿತ್ತು.

ಹೋದ ವರ್ಷ ತೋಟದ ಕೃಷ್ಣಪ್ಪನ ಮನೆಯಲ್ಲಿ ಅವಳು ಆರಿಸಿದ ರಾಶಿ ಒಡೆದಾಗ ಕಾಯಿ ಕಾಯಲ್ಲೂ ನೀರು. ಅಂಥ ಕೊಬ್ಬರಿ ಕೊಳೆಯುತ್ತದೆ. ಕೃಷ್ಣಪ್ಪ ಮಳೆಯನ್ನು ಬೈದ. ಅವಳು ಸುಮ್ಮನಿದ್ದುಬಿಡಬಹುದಿತ್ತು.

“ಮಳೆ ಏನ್ ಮಾಡ್ತು ಕಣಣ್ಣ? ನನ್ ಕಿವಿ ಕೆಟ್ಟದೆ. ವಾಸಿಯಾಗೋಗಂಟ ನಾನು ಆರ್ಸಾಕಿಲ್ಲ.”

ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡಿದ್ದಾಯಿತು, ಔಷಧಿ ಅಂಗಡಿಯ ಮಾತ್ರೆ ಮೂರು ಸಲ ನುಂಗಿದ್ದಾಯಿತು. ಕೊನೆಗೆ ಹಾಸನದ ಕಿವಿ ಡಾಕ್ಟರು ಸ್ನೇಹಲತಾ ಕಿವಿಯೊಳಗೆ ಇಣುಕಿ ನೋಡಿ, ಆಮೇಲೆ ಬರೀ ಮೂಗಿನ ವಿಚಾರವನ್ನೇ ಕೇಳಿದರು. ಅಟ್ಟ ಹತ್ತಿದಾಗ ಸೀನು ಬರುತ್ತದೆಯೇ, ಮೂಗು ಕಟ್ಟುತ್ತದೆಯೇ? ಯಾವುದು ಮೈಗೆ ಒಗ್ಗುವುದಿಲ್ಲವೆಂದು ನೋಡಲು ಮುಂಗೈ ಮೇಲೆ ಸಾಲಾಗಿ ಬೇರೆ ಬೇರೆ ಹನಿಗಳನ್ನಿಟ್ಟು ಸೂಜಿಯಿಂದ ಚುಚ್ಚಿದರು. ಬೂಷ್ಟಿನ ಹನಿ ಇಟ್ಟ ಕಡೆ ಸೊಳ್ಳೆ ಕಚ್ಚಿದಂತೆ ಊದಿತು.

ಕಿವಿಗೆ ಸೋಂಕು ತಗುಲಿಲ್ಲ ಎಂದರು ಡಾಕ್ಟರು. ಕಾಯಿಯ ಮೇಲಿನ ಬೂಷ್ಟಿನ ದೂಳನ್ನೇ ಮೈ ಶತ್ರು ಎಂದುಕೊಂಡು ಹೋರಾಡುತ್ತಿದೆ. ಆ ಹೋರಾಟಕ್ಕೆ ಮೂಗಿನಿಂದ ಕಿವಿಗೆ ಹೋಗುವ ಸಣ್ಣ ನಾಳ ಊದಿ ಮುಚ್ಚಿಕೊಂಡು, ಕಿವಿತಮಟೆಯ ಹಿಂದೆ ನೀರು ನಿಂತಿದೆ.

“ನಿಮ್ ಮೈ ವೀಕಲ್ಲಮ್ಮ. ಕಾವಲು ಜಾಸ್ತಿ ಆಗಿದೆ, ಅಷ್ಟೆ.”

ದೊಡ್ಡತಾಯಮ್ಮ ಕಿವಿ ಮುಟ್ಟಿಕೊಂಡಳು. “ಅಂಗಾರೆ ನಾನಿನ್ನೂ ಒಣಗದ ಕಾಯಿ ಅನ್ನಿ.”

ಮೂಗಿಗೆ ಸ್ಪ್ರೇ, ಮಾತ್ರೆ. ಅಟ್ಟದ ಕಡೆ ಹೋದರೆ ಮಾಸ್ಕ್. ನೀರು ಇಂಗದಿದ್ದರೆ ತಮಟೆಗೆ ಸಣ್ಣ ತೂತು ಮಾಡಿ ತೆಗೆಯಬೇಕಾಗುತ್ತದೆ ಎಂದಿದ್ದರು. ಆ ಸುಗ್ಗಿಯಲ್ಲಿ ಎಷ್ಟು ಮನೆಯವರು ಕರೆದರೂ ಅವಳು ಹೋಗಲಿಲ್ಲ. ನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ಒಲೆಯ ಮೇಲೆ ಸಾರು ಕುದಿಯುವುದು ಕೇಳಿಸಿತು. ಸೌಟು ಹಿಡಿದು ನಿಂತೇ ಕೇಳಿದಳು.

ಈ ಸಲ ಮಾಸ್ಕ್ ಹಾಕಿಕೊಂಡು ಕೃಷ್ಣಪ್ಪನ ಮನೆಗೆ ತಾನಾಗಿಯೇ ಹೋದಳು. ಅವನ ಮಗ ಮಂಜುನಾಥ, ಕರೋನಾ ಹೋದದ್ದು ದೊಡ್ಡವ್ವನಿಗೆ ಇನ್ನೂ ಗೊತ್ತಾಗಿಲ್ಲ ಎಂದು ನಕ್ಕ. ಅವಳು ಒಂದು ಕಾಯಿ ಅಲ್ಲಾಡಿಸಿ ಪಕ್ಕಕ್ಕಿಟ್ಟಳು.

“ಇದಾಗಿಲ್ಲ.”

“ಗಡಗಡ ಅಂತದಲ್ಲವ್ವ?” ಎಂದು ಮಂಜುನಾಥ ಅದನ್ನು ಒಡೆದ. ಅರ್ಧ ಬೊಗಸೆ ನೀರು ಅವನ ಕಾಲ ಮೇಲೆ ಸುರಿಯಿತು.

ಕೃಷ್ಣಪ್ಪ, ಮಗ ಆರಿಸಿಟ್ಟಿದ್ದ ಕಾಯಿಗಳನ್ನೆಲ್ಲ ಕಾಲಿನಿಂದ ಅವಳ ಮುಂದಕ್ಕೆ ತಳ್ಳಿದ. ಅವಳು ಮಾಸ್ಕಿನ ದಾರವನ್ನು ಕಿವಿಯ ಹಿಂದೆ ಸರಿಮಾಡಿಕೊಂಡು, ಮೊದಲಿನಿಂದ ಶುರು ಮಾಡಿದಳು.